ಜನ್ಮದಿನದಂದೇ ಬಂದ ಸ್ವಾತಂತ್ರ್ಯ

ಶ್ರೀ ಅರವಿಂದರು ಜನಿಸಿದ್ದು 1872ರ ಆಗಸ್ಟ್ 15ರಂದು, ಕಲ್ಕತ್ತೆಯಲ್ಲಿ. ಅವರಿಗೆ ಎಪ್ಪತ್ತೈದು ತುಂಬಿದ ದಿನವೇ, 1947ರಲ್ಲಿ, ಭಾರತವು ಸ್ವತಂತ್ರವಾಯಿತು. ಆಲಿಪುರ ಮೊಕದ್ದಮೆಯಲ್ಲಿ ಒಂದು ವರ್ಷ ಸೆರೆಯಲ್ಲಿದ್ದು, 1910ರಲ್ಲಿ ಪುದುಚೇರಿಯನ್ನು ಸೇರಿದ್ದ ಆ ಯೋಗಿಗೆ ಇದು ಕೇವಲ ಆಕಸ್ಮಿಕವೆಂದು ತೋರಲಿಲ್ಲ. ತಿರುಚಿರಾಪಳ್ಳಿಯ ಬಾನುಲಿ ಕೇಂದ್ರದಿಂದ ಪ್ರಸಾರವಾದ ಸಂದೇಶದಲ್ಲಿ, ತಮ್ಮನ್ನು ನಡೆಸುತ್ತಿರುವ ದೈವೀಶಕ್ತಿಯ ಸಮ್ಮತಿಯೆಂದೇ ಅವರು ಅದನ್ನು ಸ್ವೀಕರಿಸಿದರು.

ಆದರೆ ಸಂಭ್ರಮದಲ್ಲಿ ಮೈಮರೆಯಲಿಲ್ಲ. ಅಖಂಡ ಭಾರತದ ಕನಸು ಕಂಡವರಿಗೆ ಅಂದು ದೊರೆತದ್ದು ಒಡೆದ ಭಾರತ. ಈ ವಿಭಜನೆ ಅಳಿಯಲೇಬೇಕೆಂದು ಅದೇ ಸಂದೇಶದಲ್ಲಿ ಹೇಳಿದರು. ಬೇಡಿದ್ದು ಕೈಸೇರಿದ ದಿನವೇ ಅದರ ಕೊರತೆಯನ್ನೂ ಕಾಣುವುದು ಸುಲಭದ ಮಾತಲ್ಲ.

ಇನ್ನೊಂದು ಸೋಜಿಗವೂ ಉಂಟು. ಅಂದು ಅವರಿದ್ದ ಪುದುಚೇರಿ ಫ್ರೆಂಚರ ಅಧೀನದಲ್ಲೇ ಇತ್ತು. ಅದರ ಆಡಳಿತವು ಭಾರತಕ್ಕೆ ಬಂದದ್ದು 1954ರ ನವೆಂಬರ್ 1ರಂದು. ಅರವಿಂದರು 1950ರ ಡಿಸೆಂಬರ್ 5ರಂದೇ ದೇಹತ್ಯಾಗ ಮಾಡಿದ್ದರು.