ಸೇಡಂ ಗಾಡಿ ಹತ್ತುವ ಡಿಸ್ಕ್

ಬ್ಯಾಕಪ್ ಎಂದರೆ ಬಹಳ ಜನಕ್ಕೆ ಬೇಸರ. ನನಗೆ ಅದರಷ್ಟು ಹಿತವಾದ ಕೆಲಸ ಇನ್ನೊಂದಿಲ್ಲ. ಭಂಕೂರಿನ ನಮ್ಮ ಮನೆಯಲ್ಲಿ ರಾತ್ರಿ ಊಟವಾಗಿ, ಖಣಿ ಕಡೆಯ ಲಾರಿಗಳ ಸದ್ದು ಅಡಗಿದ ಮೇಲೆ ಡಿಸ್ಕ್ ಹಚ್ಚಿಕೊಂಡು ಕೂಡುತ್ತೇನೆ. ಪರದೆಯ ಮೇಲೆ ಒಂದೊಂದೇ ಫೈಲಿನ ಹೆಸರು ಸರಿಯುತ್ತ ಹೋಗುತ್ತದೆ: ಅವ್ವ ಹಾಡಿದ ಬೀಸುವ ಪದ, ಓಣಿಯ ಭಜನೆಯವರ ತತ್ವಪದ, ಮೊಹರಮ್ಮಿನ ಪದ, ಅಪ್ಪನ ಕಾಲದ ಹೊಲದ ಕಾಗದ, ಫರಸಿ ಎಬ್ಬಿಸುವವರ ಫೋಟೊ. ಹೆಸರು ಓದುತ್ತ ಹೋದಂತೆ ಹಾಡಿದವರ ಮುಖವೂ ಬರುತ್ತದೆ. ಅವರಲ್ಲಿ ಕೆಲವರು ಈಗ ಇಲ್ಲ.

ಅಣ್ಣನ ಮಗ ಒಂದು ಸಲ ಕೇಳಿದ: "ಕಾಕಾ, ಎಲ್ಲಾ ಫೋನಿನಾಗ ಅದಾವಲ್ಲ, ಅಲ್ಲಿಂದ ಗೂಗಲ್‌ಗೂ ಹೋಗ್ಯಾವ. ಮತ್ತ ಡಿಸ್ಕ್ ಯಾಕ?"

"ಬ್ಯಾಡಾದ ಫೋಟೊ ಒಂದು ಅಳಿಸಿ ನೋಡಪ," ಅಂದೆ.

ಅಳಿಸಿದ. ಗೂಗಲ್‌ನಲ್ಲೂ ಅದು ಕಸದ ಬುಟ್ಟಿಗೆ ಹೋಗಿ ಬಿದ್ದಿತ್ತು. ಕೆಲವು ದಿನ ಅಲ್ಲಿದ್ದು ಪೂರ್ತಿ ಮಾಯವಾಗುತ್ತದೆ. ಒಂದು ಕಡೆ ಮಾಡಿದ ತಪ್ಪನ್ನು ಇನ್ನೊಂದು ಕಡೆಯೂ ಮಾಡುವ ಪ್ರತಿಯನ್ನು ನಾನು ನಂಬುವುದಿಲ್ಲ. ವೈರಸ್ ಬಂದು ಫೈಲುಗಳಿಗೆ ಬೀಗ ಹಾಕಿದರೂ ಇದೇ ಕಥೆ. ಆದ್ದರಿಂದ ಕೆಲಸ ಮುಗಿದ ಕೂಡಲೇ ವೈರ್ ಕಿತ್ತು ಡಿಸ್ಕನ್ನು ಕಪಾಟಿಗೆ ಸೇರಿಸಬೇಕು. ಕಂಪ್ಯೂಟರಿಗೆ ಅದರ ಗುರುತೇ ಇರಬಾರದು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಲೆಕ್ಕವೇ ನನ್ನ ಲೆಕ್ಕ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಹೇಳಲು ಇಷ್ಟೇ. ರುಚಿ ಇರುವುದು ಆರಿಸುವುದರಲ್ಲಿ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಬಹಳ ಚುರುಕು, ಬಿದ್ದರೂ ತಡೆಯುತ್ತದೆ. ಆದರೆ ಅದು ಮಾಹಿತಿಯನ್ನು ಹಿಡಿದಿಡುವುದು ವಿದ್ಯುದಾವೇಶದಲ್ಲಿ. ಕರೆಂಟು ಕಾಣದೆ ಬಹಳ ಕಾಲ ಬಿದ್ದಿದ್ದರೆ ಆ ಆವೇಶ ಸೋರುತ್ತದೆ, ಸೆಕೆ ಏರಿದಷ್ಟೂ ಬೇಗ ಸೋರುತ್ತದೆ. ನಮ್ಮ ಬೇಸಿಗೆ ಎಂಥದೆಂದು ಕಲಬುರಗಿ ಕಡೆಯವರಿಗೆ ಹೇಳಬೇಕಾಗಿಲ್ಲ. ಹೀಗಾಗಿ ಕಪಾಟಿನಲ್ಲಿ ಇಡುವುದಕ್ಕೆ ನಾನು ತಿರುಗುವ ತಟ್ಟೆಯ ಹಳೇ ಬಗೆಯ ಹಾರ್ಡ್‌ಡಿಸ್ಕನ್ನೇ ಕೊಳ್ಳುತ್ತೇನೆ, ಅದೂ ಬೇರೆ ಬೇರೆ ಕಂಪನಿಯದು. ಒಂದೇ ಕಂಪನಿಯ ಒಂದೇ ಕಂತಿನ ಜೋಡಿಯಲ್ಲಿ ದೋಷವಿದ್ದರೆ ಎರಡರಲ್ಲೂ ಇರಬಹುದು. ಕಲ್ಲಿನ ಪುಡಿ ಗಾಳಿಯಲ್ಲೇ ಇರುವ ಊರು ನಮ್ಮದು. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್‌ನ ಪುಟ್ಟ ಚೀಲ, ಮೇಲೆ ತಾರೀಖು ಬರೆದ ಚೀಟಿ.

ನಕಲು ಇಳಿಸಲು ಆರ್‌ಸಿಂಕ್ ಇದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಬರೆದ ಪ್ರೋಗ್ರಾಂ. ಬದಲಾದದ್ದನ್ನಷ್ಟೇ ಹುಡುಕಿ ಒಯ್ಯುತ್ತದೆ. ಅದು ಮುಗಿದ ಮೇಲೆ ನನಗೆ ಎಲ್ಲಕ್ಕಿಂತ ಇಷ್ಟವಾದ ಘಟ್ಟ: ಎಸ್‌ಎಚ್‌ಎ-256 ಲೆಕ್ಕ. ಫೈಲು ಎಷ್ಟೇ ದೊಡ್ಡದಿರಲಿ, ಅದನ್ನೆಲ್ಲ ಅರೆದು 64 ಅಕ್ಷರಗಳ ಒಂದು ಸಾಲು ಕೊಡುತ್ತದೆ. ಒಂದು ಗಂಟೆಯ ಹಾಡಿನಲ್ಲಿ ಒಂದೇ ಒಂದು ಬಿಟ್ ಹೊರಳಿದ್ದರೂ ಆ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಎರಡೂ ಕಡೆಯ ಸಾಲು ತಾಳೆಯಾದಾಗ ಆಗುವ ಸಮಾಧಾನವೇ ಬೇರೆ. ಆಮೇಲೆ ಡಿಸ್ಕಿನಿಂದಲೇ ಒಂದು ಪದ ತೆಗೆದು, ಕಣ್ಣು ಮುಚ್ಚಿ ಕೊನೆಯತನಕ ಕೇಳುತ್ತೇನೆ. ಮರಳಿ ತೆಗೆದು ನೋಡದ ಪ್ರತಿ ಪ್ರತಿಯೇ ಅಲ್ಲ.

ಒಂದು ಡಿಸ್ಕ್ ಸೇಡಮ್ಮಿನಲ್ಲಿರುವ ತಂಗಿಯ ಮನೆಯಲ್ಲಿರುತ್ತದೆ. ಬದಲಾಯಿಸುವ ದಿನ ಬಂದರೆ ನನಗೆ ಹಬ್ಬ. ವಾಡಿ ಜಂಕ್ಷನ್‌ನಲ್ಲಿ ಗಾಡಿ ಹತ್ತಿದರೆ ಚಿತ್ತಾಪುರ ದಾಟಿ ಮಳಖೇಡ ರೋಡ್ ಸ್ಟೇಷನ್ ಬರುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಈ ಮಳಖೇಡ. ಅವರ ಅರಸ ಮುಮ್ಮಡಿ ಕೃಷ್ಣನ ಆಸ್ಥಾನದಲ್ಲಿದ್ದ ಕವಿ ಪೊನ್ನ 'ಶಾಂತಿಪುರಾಣ' ಬರೆದ. 972ರಲ್ಲಿ ಪರಮಾರ ಸೀಯಕ ಆ ರಾಜಧಾನಿಯನ್ನು ಸೂರೆ ಮಾಡಿದ. ಕಾವ್ಯ ಮಾತ್ರ ನಮ್ಮವರೆಗೆ ಬಂತು. ಅತ್ತಿಮಬ್ಬೆ ಎಂಬ ತಾಯಿ ಅದರ 1000 ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಸಾವಿರವನ್ನೂ ಒಂದೇ ಭಂಡಾರದಲ್ಲಿ ತುಂಬಿಡದೆ ಹಂಚಿದಳು ಎಂಬುದೇ ಅವಳ ದೊಡ್ಡತನ. ಅದೇ ಪೊನ್ನನ 'ಭುವನೈಕರಾಮಾಭ್ಯುದಯ' ಇವತ್ತಿಗೂ ಸಿಕ್ಕಿಲ್ಲ. ಆ ಸ್ಟೇಷನ್ ಬಂದಾಗಲೆಲ್ಲ ಮಡಿಲಲ್ಲಿರುವ ಡಬ್ಬಿಯ ಮೇಲೆ ನನ್ನ ಕೈ ಹೋಗುತ್ತದೆ.

ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಬೇಕೆಂಬುದಕ್ಕೆ ಚಿತ್ತಾಪುರ ಸೀಮೆಯ ಸನ್ನತಿಯದು ಇನ್ನೂ ಹಳೆಯ ಸಾಕ್ಷಿ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಕಂಡವು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದದ್ದರಿಂದ ಆ ಜಾಗದ ಅಕ್ಷರಗಳು ಹೋಗಿವೆ. ಆದರೂ ಅಲ್ಲಿ ಏನಿತ್ತೆಂದು ಊಹಿಸಲು ಆಧಾರವಿದೆ. ಅವೇ ಮಾತುಗಳನ್ನು ಗಿರ್ನಾರ್, ಕಾಲ್ಸಿ, ಧೌಲಿ, ಜೌಗಡಗಳ ಬಂಡೆಗಳ ಮೇಲೂ ಕೆತ್ತಿಸಿದ್ದರು, ಎಲ್ಲವನ್ನೂ ಎಲ್ಲ ಕಡೆ ಅಲ್ಲದಿದ್ದರೂ. ಸನ್ನತಿಯಲ್ಲಿ ಸಿಕ್ಕವುಗಳಲ್ಲಿ ಅಶೋಕನ 14ನೆಯ ಬಂಡೆಶಾಸನವೂ ಒಂದು. ಕೆಲವು ಕಡೆ ಚಿಕ್ಕದಾಗಿ, ಕೆಲವು ಕಡೆ ವಿಸ್ತಾರವಾಗಿ ಬರೆಸಿದೆ, ಬರೆದವನ ತಪ್ಪಿನಿಂದ ಲೋಪವೂ ಇರಬಹುದು ಎಂಬುದು ಅದರ ಸಾರ. ಅರಸನೊಬ್ಬ ನಕಲಿನ ತಪ್ಪನ್ನೂ ಕಲ್ಲಿನಲ್ಲಿ ಒಪ್ಪಿಕೊಂಡಿದ್ದು ನನಗೆ ಬಹಳ ಪ್ರೀತಿಯ ಸಂಗತಿ.

ನಿಮ್ಮ ಫೋನಿನಲ್ಲೂ ಮನೆಯ ಹಿರಿಯರ ದನಿ ಇದ್ದೀತು. ಈ ವಾರವೇ ಅದನ್ನು ಒಂದು ಡಿಸ್ಕಿಗೆ ಇಳಿಸಿ, ಒಂದು ಸಲ ಹಚ್ಚಿ ಪೂರ್ತಿ ಕೇಳಿ, ಬೇರೆ ಊರಿನ ನಂಬಿಗಸ್ತ ನೆಂಟರ ಕೈಗೆ ಕೊಡಿ. ಅವರದನ್ನು ನೀವು ಇಟ್ಟುಕೊಳ್ಳಿ.