ಕಲ್ಲಿಗೆ ಬಿದ್ದ ಪೆಟ್ಟು

"ಕೊಯ್ಯೋದಿಲ್ಲ, ಹೊಲಿಗೆ ಇಲ್ಲ, ಸಂಜೆಗೆ ಮನೆಗೆ ಹೋಗಬಹುದು" ಅಂದಿದ್ದರು ಡಾಕ್ಟರು. ಮೂರೂ ನಿಜವಾದವು. ಗಾಯವೇ ಆಗೋದಿಲ್ಲ ಅಂತ ಮಾತ್ರ ಅವರು ಹೇಳಿರಲಿಲ್ಲ. ನಾನೇ ಹಾಗೆ ಅಂದುಕೊಂಡಿದ್ದೆ.

ಎಡಗಿಡ್ನಿಯಲ್ಲಿ 11 ಮಿಲಿಮೀಟರಿನ ಕಲ್ಲು. ಪಕ್ಕೆಗೆ ತಣ್ಣನೆಯ ಜೆಲ್ ಬಳಿದು, ನೀರು ತುಂಬಿದ ದಿಂಬಿನಂಥದನ್ನು ಒತ್ತಿ ನಿಲ್ಲಿಸಿದರು. ನೋವಿನ ಇಂಜೆಕ್ಷನ್ ಕೊಟ್ಟಿದ್ದರೂ ಎಚ್ಚರವಿತ್ತು. ಕಲ್ಲೊಡೆಯುವ ಆಘಾತ ತರಂಗದ ಟಕ್, ಟಕ್ ಶುರುವಾಯಿತು. ಮೊದಮೊದಲು ಯಾರೋ ಬೆರಳಲ್ಲಿ ಚಿಮ್ಮಿದ ಹಾಗಿತ್ತು. ಶಕ್ತಿ ಏರಿಸುತ್ತ ಹೋದಂತೆ ಪಕ್ಕೆಲುಬಿನ ಅಡಿಯಲ್ಲಿ, ಕೈಯಿಟ್ಟು ತೋರಿಸಲಾಗದಷ್ಟು ಆಳದಲ್ಲಿ, ಗುದ್ದು. ಹಲ್ಲು ಕಚ್ಚಿಕೊಂಡೆ. ಬೇಗ ಮುಗಿಸಪ್ಪಾ ಅಂದರೆ ಟೆಕ್ನೀಷಿಯನ್ ಹುಡುಗ ನಿಮಿಷಕ್ಕೆ 60 ಹೊಡೆತ ದಾಟಿಸಲೇ ಇಲ್ಲ. "ಅವಸರ ಮಾಡಿದ್ರೆ ಕಲ್ಲು ಸರಿಯಾಗಿ ಪುಡಿಯಾಗಲ್ಲ ಸರ್, ಕಿಡ್ನಿಗೂ ಪೆಟ್ಟು ಜಾಸ್ತಿ." ಒಂದು ಸಲಕ್ಕೆ ಎರಡರಿಂದ ಮೂರು ಸಾವಿರ ಹೊಡೆತ ಮಾಮೂಲಂತೆ. ಉಸಿರಾಡಿದಾಗ ಕಿಡ್ನಿಯೂ ಮೇಲೆ ಕೆಳಗೆ ಸರಿಯುತ್ತದೆ. ಗುರಿ ತಪ್ಪಿದ್ದು ಮಾಂಸಕ್ಕೆ.

1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಳಿಸಿ ಹೀಗೆ ಕಲ್ಲೊಡೆದರಂತೆ. ಯಂತ್ರ ಮಾಡಿಕೊಟ್ಟದ್ದು ಡಾರ್ನಿಯರ್, ವಿಮಾನ ಕಟ್ಟುವ ಕಂಪನಿ. ನನಗೆ ತೊಟ್ಟಿ ತಪ್ಪಿತು, ಅಷ್ಟೇ.

ಸಂಜೆ ಮೂತ್ರ ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗಿತ್ತು. ಕೈಕಾಲು ತಣ್ಣಗಾಯಿತು. ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ನಮ್ಮ ಮಾಂಸದಲ್ಲಿ ಬಹುಪಾಲು ನೀರೇ ಆದ್ದರಿಂದ ತರಂಗ ಹೆಚ್ಚು ತಡೆಯಿಲ್ಲದೆ ಹಾದುಹೋಗುತ್ತದೆ. ಗಟ್ಟಿ ಕಲ್ಲು ಸಿಕ್ಕಾಗ ಅದನ್ನು ಸೀಳುತ್ತದೆ. ಅದರ ಬೆನ್ನಿಗೇ ದ್ರವದಲ್ಲಿ ಸಣ್ಣ ಗುಳ್ಳೆಗಳೆದ್ದು, ಕುಸಿದು, ಕಲ್ಲಿನ ಮೈಯನ್ನು ಕೊರೆಯುತ್ತವೆ. ಅಂಥವೇ ಗುಳ್ಳೆ ಕೂದಲೆಳೆಯ ರಕ್ತನಾಳದೊಳಗೆ ಎದ್ದರೆ ನಾಳ ಹರಿಯುತ್ತದೆ, ಸುತ್ತಲ ಜೀವಕೋಶಗಳೂ ಸಾಯುತ್ತವೆ. ಕೆಂಪಾಗಿ ಹೋಗುತ್ತಿದ್ದದ್ದು ಆ ರಕ್ತ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತೀರಾ ಎಂದು ಮೊದಲೇ ಎರಡೆರಡು ಸಲ ಯಾಕೆ ಕೇಳಿದ್ದರು ಅಂತ ಆಗ ತಿಳಿಯಿತು. ಕೆಂಪು ತಾನಾಗಿ ತಿಳಿಯಾಯಿತು.

ನಿಜವಾದ ಯಾತನೆ ಆಮೇಲಿನದು. ಪುಡಿಯಾದ ಕಲ್ಲು ಮೂತ್ರನಾಳದಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ ನಿಂತುಬಿಟ್ಟಿತು. ಸೊಂಟದಿಂದ ತೊಡೆಸಂದಿಯವರೆಗೆ ನೋವು, ವಾಂತಿ, ಕೊನೆಗೆ ಚಳಿಜ್ವರ. ರಾತ್ರೋರಾತ್ರಿ ಮೂತ್ರ ಹರಿಯಲೆಂದು ಒಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರು. ಅದು ಇದ್ದಷ್ಟು ದಿನವೂ ಕೂತರೆ ಎದ್ದು ಹೋಗಬೇಕು, ಹೋದರೆ ಉರಿ. ಹೆಂಡತಿ ಹಳೆಯ ಟೀ ಸೋಸಣಿಗೆ ಕೊಟ್ಟು, ಸಿಕ್ಕ ಮರಳನ್ನೆಲ್ಲ ಡಬ್ಬಿಯಲ್ಲಿ ಕೂಡಿಡಿಸಿದಳು. ಲ್ಯಾಬಿನವರು ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬರೆದುಕೊಟ್ಟರು.

ಬಲಗಿಡ್ನಿಯಲ್ಲೂ 4 ಮಿಲಿಮೀಟರಿನದೊಂದಿದೆ. ತಾನಾಗಿ ಇಳಿದೀತು, ನೀರು ಕುಡಿಯುತ್ತಿರಿ ಅಂದಿದ್ದಾರೆ. ಕುಡಿಯುತ್ತಿದ್ದೇನೆ.