ಹನ್ನೆರಡು ತತ್ತಿಗಳು

ನಮ್ಮ ವಸತಿಗೃಹದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಹುಡುಗಿಯರಿರುವರು. ಸಿಂದಗಿಯ ಕಡೆಯ ಒಬ್ಬಳ ತಾಯಿಯು ವಿಧವೆ. ಕೋಳಿಮರಿಗಳನ್ನು ಮಾರಿ ಮಗಳ ಪುಸ್ತಕಗಳ ಖರ್ಚನ್ನು ನಡಿಸುವಳು. ಆಕೆಯು ಶಾಲೆಗೆಂದು ಕೊಟ್ಟ ಹೇಂಟೆಯನ್ನು ನಾವು ಒಂದು ಮಾರ್ಚ ತಿಂಗಳಲ್ಲಿ ಹನ್ನೆರಡು ತತ್ತಿಗಳ ಮೇಲೆ ಕಾವಿಗೆ ಕೂಡ್ರಿಸಿದೆವು. 21ನೆಯ ದಿನ ಹೊರಬಂದವು ಮೂರೇ ಮರಿಗಳು. ಕೆಲವು ಚಿಪ್ಪಿನೊಳಗೇ ಸತ್ತಿದ್ದವು. ಹೇಂಟೆಯೇ ಕೆಟ್ಟದ್ದೆಂದು ಅಂದುಬಿಟ್ಟೆವು. "ಅಕ್ಕಾವ್ರೇ, ನಮ್ಮವ್ವನ ಹ್ಯಾಟಿ ಅಂಥಾದ್ದಲ್ರಿ" ಎಂದು ಹುಡುಗಿಯು ಕಣ್ಣೀರು ತಂದಳು.

ವಿಚಾರಿಸಲಾಗಿ ತಪ್ಪು ನಮ್ಮದೇ ಎಂದು ತಿಳಿದುಬಂದಿತು. ತತ್ತಿಗಳನ್ನು ಎರಡು ವಾರ ಅಡಿಗೆಮನೆಯಲ್ಲಿ ಕೂಡಿಹಾಕಿದ್ದೆವು. ವಾರಕ್ಕಿಂತ ಹೆಚ್ಚು ಇಡಬಾರದು. ಸುಮಾರು 21 ಡಿಗ್ರಿ ಸೆಲ್ಸಿಯಸ್ ದಾಟಿದರೆ ಭ್ರೂಣವು ಕಾವಿಲ್ಲದೆಯೇ ಬೆಳೆಯಹತ್ತಿ ಬಲಗುಂದುವದು. ನಮ್ಮ ಜಿಲ್ಲೆಯ ಮಾರ್ಚವೋ 35ನ್ನು ದಾಟುವದು! ಇನ್ನು ಮೇವು. ಬಿಳಿಜೋಳದ ನುಚ್ಚೊಂದನ್ನೇ ಹಾಕುತ್ತಿದ್ದೆವು. ಅದು ಹೊಟ್ಟೆ ತುಂಬಿಸುವದು ನಿಜ. ಆದರೆ ಎ ಜೀವಸತ್ವವಾಗುವ, ಹಳದಿ ಗೋವಿನಜೋಳದಲ್ಲಿರುವ ವಸ್ತುವು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯು ಉಣ್ಣದ್ದು ತತ್ತಿಗೆ ಎಲ್ಲಿಂದ ಬಂದೀತು?

ಆ ಮೇಲೆ ನುಗ್ಗೆಸೊಪ್ಪು, ಶೇಂಗಾ ಹಿಂಡಿ, ಸುಣ್ಣಕ್ಕಾಗಿ ಪುಡಿಮಾಡಿದ ಚಿಪ್ಪು ಇವುಗಳನ್ನು ಕೊಡಹತ್ತಿದೆವು. ಏಳನೆಯ ರಾತ್ರಿ ಹುಡುಗಿಯರು ಬ್ಯಾಟರಿಯ ಬೆಳಕಿಗೆ ತತ್ತಿ ಹಿಡಿದು ಕೆಂಪು ನರಗಳನ್ನು ನೋಡಿದರು. (ಪಾಠದ ಹೊತ್ತಿನಲ್ಲಿ ಅಷ್ಟು ಮೌನವನ್ನು ನಾವು ಕಂಡಿಲ್ಲ.) ಡಿಸೆಂಬರದಲ್ಲಿ ಅದೇ ಹೇಂಟೆಯು ಹನ್ನೆರಡಕ್ಕೆ ಹತ್ತು ಮರಿ ಮಾಡಿತು. ರೆಕ್ಕೆ ಬಲಿತ ಮೇಲೆ ಆರನ್ನು ಬುಟ್ಟಿಯಲ್ಲಿಟ್ಟು ಆ ತಾಯಿಗೆ ಕಳುಹಿಸಿ, ಹೇಂಟೆಯ ಮೇಲೆ ಹೊರಿಸಿದ್ದ ಮಾತಿಗೆ ಕ್ಷಮೆ ಕೇಳಿ ಚೀಟಿ ಬರೆದೆವು.